ಮಾವನ ನೀಲಿ ಮದ್ದು ಮತ್ತು ಅರ್ಧ ಆಮ್ಲೆಟ್

ನನ್ನ ಸೋದರಮಾವ ಒಮ್ಮೆ ನನ್ನನ್ನು ಕೊಂದೇಬಿಡುತ್ತಿದ್ದರು ಎಂದರೆ ನೀವು ನಂಬಲಿಕ್ಕಿಲ್ಲ. ಇಷ್ಟು ವರ್ಷಗಳಾದರೂ ಕೊತ್ತಂಬರಿ ಕಂಡರೆ ನನ್ನ ಕೈ ತಟ್ಟೆಯ ಮೇಲೇ ನಿಂತುಬಿಡುತ್ತದೆ!

ಬಬಲೇಶ್ವರದಿಂದ ವಿಜಾಪುರಕ್ಕೆ ಬಂದು, ನಮ್ಮ ಮನೆಯಲ್ಲೇ ಇದ್ದುಕೊಂಡು, ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕರಾಗಿದ್ದ ಈ ಬ್ರಹ್ಮಚಾರಿಗೆ ಎಪ್ಪತ್ತರ ದಶಕದುದ್ದಕ್ಕೂ ಒಂದೇ ಹುಚ್ಚು: ಲೋಹದ ಸಂಕೀರ್ಣಗಳಿಂದ ವೈರಸ್ ಕೊಲ್ಲುವುದು.

"ತಾಮ್ರ ಒಬ್ಬಾವನ ಇದ್ದರ ಭಾಳ ಕೆಟ್ಟಾಂವ. ಸುತ್ತ ನಾಕು ಅಣು ಕೈ ಹಿಡಕೊಂಡ್ರ ಶಾಣ್ಯಾ ಆಗ್ತಾನ, ವೈರಸ್ಸಿನ ಮನಿ ಹೊಕ್ಕು ಹೊಡೀತಾನ."

"ಯಾರರ ಕೈ ಹಿಡಿದಿದ್ರ ನೀನೂ ಶಾಣ್ಯಾ ಆಗ್ತಿದ್ದಿ," ಎಂದು ಅವ್ವ ಒಳಗಿಂದಲೇ ಕುಟುಕುವಳು.

ಮೊದಲು ಜೈನಾಪುರದಲ್ಲಿ ಎಲೆ ಮುದುಡಿದ ಮೆಣಸಿನ ಗಿಡಗಳಿಗೆ ನೀಲಿ ಮದ್ದು ಸಿಂಪಡಿಸಿದರು. ರೋಗ ಹೋಯಿತು, ಗಿಡಗಳ ಸಮೇತ! ಆಮೇಲೆ ಕೋಳಿಗಳ ಪಾಳಿ. ತಿಕೋಟಾದ ರೋಗದ ಕೋಳಿಯಿಂದ ಅದೇನೋ ರಸ ತಂದು ತತ್ತಿಗಳಿಗೆ ಚುಚ್ಚಿ, ಮೇಲಿಷ್ಟು ನೀಲಿ ಮದ್ದು ಬಿಟ್ಟು, ತೂತಿಗೆ ಮೇಣ ಮೆತ್ತಿದರು. ಚುಚ್ಚುವಾಗ ವಾಸನೆ ತಾಳದೆ ಮೂಗಿಗೆ ಟಾವೆಲ್ ಕಟ್ಟಿಕೊಂಡಿದ್ದರು. ತತ್ತಿಯ ಹೆಸರೆತ್ತಿದರೇ ಮನೆ ತೊಳೆಯುವವಳು ನಮ್ಮವ್ವ. ಹಾಗಾಗಿ ತತ್ತಿಯ ಬುಟ್ಟಿ ಇಬ್ರಾಹಿಂಪುರದ, ಟ್ರಂಕು ಮಾಡುವ ಗೆಳೆಯನ ಮನೆ ಸೇರಿತು.

ಅದೇ ಮನೆಯಲ್ಲಿ ನಾನು ಕದ್ದು ಆಮ್ಲೆಟ್ ತಿನ್ನುತ್ತೇನೆಂದು ಮಾವನಿಗೇನು ಗೊತ್ತು?

ಅಂದು ಗೆಳೆಯನ ಹೆಂಡತಿ ಭಾಭಿ ಬಡಿಸಿದ ಆಮ್ಲೆಟ್ ಹಸಿರಾಗಿತ್ತು. ಕೊತ್ತಂಬರಿ ಧಾರಾಳ ಹಾಕಿದ್ದಾರೆಂದು ಹಿಗ್ಗಿದೆ! ಅರ್ಧ ಮುಗಿಸುವಷ್ಟರಲ್ಲಿ ಬಾಗಿಲಲ್ಲಿ ಮಾವ.

"ಭಾಭಿ, ಯಾವ ತತ್ತಿ ಒಡದ್ರಿ?"

"ಮೇಣ ಹಚ್ಚಿದ್ದವಲ್ರಿ, ಅವ. ಕೆಡಬಾರದಂತ ಹಚ್ಚೀರಿ ಅನ್ಕೊಂಡೆ."

ಮಾವನ ಮುಖ ಸುಣ್ಣವಾಯಿತು.

"ಮಾವಾ, ನನಗ ಕೋಳಿ ರೋಗ ಬರ್ತದೇನ್ರಿ?"

"ವೈರಸ್ ಕಾದ ಹಂಚಿನ ಮ್ಯಾಗ ಸತ್ತಿರ್ತದ. ತಾಮ್ರ ಸಾಯಂಗಿಲ್ಲಲೇ!"

"ಎಷ್ಟು ಹಾಕಿದ್ರಿ?"

"ಒಂದೊಂದಕ್ಕ ಒಂದೊಂದು ಅಳತಿ... ಯಾವುದು ತಿಂದಿ ಅಂತ ಹೆಂಗ ಹೇಳ್ಲಿ?"

ಅಷ್ಟು ಸಾಕಿತ್ತು. ಹೊಟ್ಟೆಯೊಳಗೆ ತಾಮ್ರ ತನ್ನ ನಾಲ್ಕೂ ಕೈಗಳನ್ನು ಬೀಸತೊಡಗಿತು. ಅಂಗಳದಲ್ಲಿ ಕಕ್ಕಿದೆ. ಭಾಭಿ ಅಳುತ್ತಲೇ ಗಂಡನನ್ನು ಡಾಕ್ಟರ ಕಡೆ ಓಡಿಸಿದರು.

ತಿರುಗಿ ನೋಡಿದರೆ, ಮಾವ ನನ್ನ ತಟ್ಟೆ ಎಳೆದುಕೊಂಡು, ಹುಟ್ಟಿದಾರಭ್ಯ ತತ್ತಿ ಮುಟ್ಟದ ಬಾಯಿಗೆ ಉಳಿದರ್ಧವನ್ನು ತುರುಕುತ್ತಿದ್ದಾರೆ! ಕಣ್ಣಲ್ಲಿ ನೀರು.

"ಏನ್ ಮಾಡಾಕತ್ತೀರಿ, ಮಾವಾ?"

ಗಟ್ಟಿಯಾಗಿ ನನ್ನ ಕೈ ಹಿಡಿದರು. ಕಷ್ಟಪಟ್ಟು ನುಂಗಿದರು.

"ನಿಮ್ಮವ್ವನ ಮುಂದ ಒಬ್ಬಾವನ ಹೋಗಿ ನಿಲ್ಲಾಕ ನನ್ನ ಕಡಿಂದ ಆಗಂಗಿಲ್ಲಪಾ."