ಸ್ಟೇಷನ್ನು ಗಂಡೋ ಹೆಣ್ಣೋ?

ಹೋಟೆಲಿನ ಗೋಡೆಗೆ ಮ್ಯಾನೇಜರು ಬೆಳಿಗ್ಗೆ ಅಂಟಿಸಿದ್ದು ಅಂಗೈಯಗಲದ ಕಾಗದ. ಓದಿದ್ದೇ ತಡ, ‘ಮೀಸೆ’ ಎಂದೇ ಹೆಸರಾದ ಬಾಗಿಲು ತೆರೆಯುವವ, ಹೋಟೆಲಿನ ಬಟ್ಟೆ ಇಸ್ತ್ರಿ ಮಾಡುವ ಅಕ್ಕನ ಹತ್ತಿರ ಓಡಿದ.

‘ಫ್ರೆಂಚ್ ಅತಿಥಿಗಳು ಬರುತ್ತಿದ್ದಾರೆ. ನಾಲ್ಕು ಗಂಟೆಗೆ ಬಾಗಿಲಿನವರಿಬ್ಬರಿಗೂ ಫ್ರೆಂಚ್ ಪರೀಕ್ಷೆ. ಅದನ್ನು ನೋಡಿ ಒಬ್ಬರಿಗೆ ಬಾಗಿಲು, ಒಬ್ಬರಿಗೆ ನೆಲಮಾಳಿಗೆ.’

ಮೀಸೆ ನೋಡಲು ಹುಲಿ, ಒಳಗೆ ಇಲಿ. ನೆಲಮಾಳಿಗೆ ಎಂದರೆ ಜೀವವೇ ಬಾಯಿಗೆ ಬರುತ್ತಿತ್ತು. ಅಲ್ಲಿ ಕಿಟಕಿಯಿಲ್ಲ. ಬಾಯ್ಲರು ಕೆರಳಿದ ಕೋಣದ ಹಾಗೆ ಬುಸುಗುಡುತ್ತದೆ. ಪೈಪುಗಳು ಒಳಗಿನಿಂದ ಯಾರೋ ತಟ್ಟಿದಂತೆ ಟಕಟಕ ಅನ್ನುತ್ತವೆ. ಒಮ್ಮೆ ಬಲ್ಬು ತರಲು ಹೋದವನು ಎರಡು ಮೆಟ್ಟಿಲು ಇಳಿದು, ಹತ್ತು ಮೆಟ್ಟಿಲು ಹತ್ತಿ ಓಡಿ ಬಂದಿದ್ದ.

“ನಮ್ಮಲ್ಲಾದ್ರೆ ಜಾಗದ ಬಾಲಕ್ಕೆ ಒಂದು ‘ಗೆ’ ಅಂಟಿಸಿದ್ರೆ ಮುಗೀತು. ಮನೆಗೆ, ಪೇಟೆಗೆ. ಅವ್ರಲ್ಲಿ ಮೊದ್ಲು ಜಾಗ ಗಂಡೋ ಹೆಣ್ಣೋ ವಿಚಾರಿಸ್ಬೇಕಕ್ಕಾ! ಗಂಡಾದ್ರೆ ಮುಂದೆ ‘ಓ’, ಹೆಣ್ಣಾದ್ರೆ ‘ಆ ಲಾ’. ಸ್ಟೇಷನ್ನಿಗೆ ಸೀರೆ ಉಡ್ಸಿ ನೋಡ್ಲಾ?” ಎಂದು ಇಸ್ತ್ರಿ ಅಕ್ಕನ ಮುಂದೆ ಗೋಳಾಡಿದ.

ತಿಂಗಳಿಂದ ಹೋಟೆಲಿಗೆ ಬಂದು ಮೇಡಂ ಹೇಳುತ್ತಿದ್ದ ಫ್ರೆಂಚ್ ಪಾಠ ತಲೆಯಲ್ಲಿ ನಿಲ್ಲದೆ, ಅವನು ಒಂದು ಉಪಾಯ ಮಾಡಿದ್ದ. ಗಂಡು ಜಾಗಗಳ ಚೀಟಿ ಕೋಟಿನ ಬಲ ಜೇಬಿಗೆ, ಹೆಣ್ಣು ಜಾಗಗಳದ್ದು ಎಡ ಜೇಬಿಗೆ.

“ಅಯ್ಯೋ, ಆ ಚೀಟಿಗಳಾ?” ಅಕ್ಕ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟಳು. “ಕೋಟು ಇಸ್ತ್ರಿ ಮಾಡುವಾಗ ಎಲ್ಲಾ ತೆಗ್ದು ಒಂದೇ ಜೇಬಿಗೆ ತುರುಕ್ಬಿಟ್ಟೆ ಕಣೋ. ಒಂದೇ ಮನೇಲಿ ಸಂಸಾರ ಮಾಡ್ಕೊಂಡಿರ್ಲಿ ಬಿಡು.”

ಮೀಸೆ ಅಲ್ಲೇ ಕುಸಿದು ಕೂತ. ಬಿಸಿ ಇಸ್ತ್ರಿಪೆಟ್ಟಿಗೆಯ ಮೇಲೆ. ಅವನ ಕೂಗಿಗೆ ಅಡುಗೆಮನೆಯಿಂದ ಅಡುಗೆಯಣ್ಣ ಸೌಟು ಹಿಡಿದೇ ಓಡಿ ಬಂದು ಸಂಗತಿ ಕೇಳಿದ.

“ಇಷ್ಟಕ್ಕೆ ಸಾಯ್ತೀಯಾ? ಹೊಟ್ಟೆಗೆ ಬೀಳೋ ಜಾಗ ಎಲ್ಲಾ ಗಂಡು ಅನ್ಕೋ. ಹೋಟ್ಲು, ಮಾರ್ಕೆಟ್ಟು...”

“ಕಾದು ಕಾದು ಸೊರಗೋ ಜಾಗ ಎಲ್ಲಾ ಹೆಣ್ಣು,” ಅಂದಳು ಅಕ್ಕ. “ಸ್ಟೇಷನ್ನು, ಬ್ಯಾಂಕು, ಪೋಸ್ಟಾಫೀಸು. ಕಾಯೋ ಕರ್ಮ ಹೆಂಗಸ್ರದ್ದೇ ತಾನೆ?”

“ಆಸ್ಪತ್ರೆ?” ಮೀಸೆ ಕೇಳಿದ.

“ಅಲ್ಲಿಗೆ ಹೊತ್ಕೊಂಡು ಓಡುವಾಗ ಗಂಡು ಹೆಣ್ಣು ಯಾರಪ್ಪ ನೋಡ್ತಾರೆ? ಎರಡನ್ನೂ ನುಂಗ್ಬಿಡು!” ಎಂದ ಅಡುಗೆಯಣ್ಣ.

ಇಂಥ ಗುರುಗಳಿಬ್ಬರು ಸಿಕ್ಕ ಮೇಲೆ ನೆಲಮಾಳಿಗೆ ಗ್ಯಾರಂಟಿ ಎಂದುಕೊಂಡ ಮೀಸೆ, ಸುಟ್ಟ ಜಾಗಕ್ಕೆ ಒದ್ದೆ ಬಟ್ಟೆ ಒತ್ತಿಕೊಂಡು ಮ್ಯಾನೇಜರ ಕೋಣೆಯ ಮುಂದೆ ನಿಂತ.

ಮೊದಲು ಒಳಗೆ ಹೋಗಿದ್ದು ಬಾಗಿಲಿನ ಇನ್ನೊಬ್ಬ, ನಿಂತಲ್ಲೇ ನಿದ್ದೆ ಮಾಡುವ ‘ಗೊರಕೆ’. ಎರಡೇ ನಿಮಿಷಕ್ಕೆ ಹಲ್ಲು ಕಿರಿಯುತ್ತಾ ಹೊರಗೆ ಬಂದ.

“ಏನ್ ಕೇಳಿದ್ರೋ?”

“ಯಾರಿಗ್ಗೊತ್ತು? ಕೇಳಿದಾಗೆಲ್ಲಾ ಒಂದೊಂದು ಸಲ್ಯೂಟ್ ಹೊಡ್ದೆ.”

ಮೀಸೆ ಒಳಗೆ ಹೋದ. ಪಾಠದ ಮೇಡಂ ಕನ್ನಡಕದ ಮೇಲಿಂದ ನೋಡಿದರು. ಬೆವರು ಮೀಸೆಯ ತುದಿಯಿಂದ ಸೋರುವ ನಲ್ಲಿಯ ಹಾಗೆ ತೊಟ್ಟಿಕ್ಕಿತು.

“ಅತಿಥಿ ಸ್ಟೇಷನ್ನಿಗೆ ಹೋಗಬೇಕು. ಹೇಳಿ.”

ಕಾಯೋ ಕರ್ಮ! “ಆ ಲಾ... ಗಾರ್.”

“ಮಾರ್ಕೆಟ್ಟಿಗೆ?”

ಹೊಟ್ಟೆಗೆ ಬೀಳೋದು. “ಓ ಮಾರ್ಶೆ.”

“ಆಸ್ಪತ್ರೆಗೆ?”

ಮೀಸೆ ಕಣ್ಣು ಮುಚ್ಚಿ ಗಂಡನ್ನೂ ಹೆಣ್ಣನ್ನೂ ಒಟ್ಟಿಗೆ ನುಂಗಿದ. “ಆ ಲೊಪಿತಾಲ್!”

ಮೇಡಂ ಎದ್ದೇ ನಿಂತರು. “ಹತ್ತಕ್ಕೆ ಹತ್ತು! ‘ಒಪಿತಾಲ್’ ಸ್ವರದಿಂದ ಶುರುವಾಗೋದ್ರಿಂದ ‘ಓ’ನೂ ಇಲ್ಲ, ‘ಲಾ’ನೂ ಇಲ್ಲ, ಬರೀ ‘ಲ್’. ತಿಂಗಳಿಡೀ ಪಾಠ ಹೇಳಿದ್ದೂ ಸಾರ್ಥಕವಾಯ್ತು.”

ಮೀಸೆಗೆ ಹೋದ ಜೀವ ಬಂದಂತಾಯಿತು. ಬಾಗಿಲು ಉಳಿಯಿತು, ಬಿಸಿಲು ಉಳಿಯಿತು! ಬಾಗಿಲ ಸಂದಿಯಿಂದ ಇಣುಕುತ್ತಿದ್ದ ಅಕ್ಕ, ಅಡುಗೆಯಣ್ಣ ಇಬ್ಬರೂ “ನಮ್ಮ ಶಿಷ್ಯ!” ಎಂದು ಕುಣಿದರು.

ಮ್ಯಾನೇಜರು ಬೆನ್ನು ತಟ್ಟಿದರು. “ಭೇಷ್! ಎಲ್ಲಿಗೆ ಹೇಗೆ ಹೋಗೋದು ಅಂತ ಅತಿಥಿಗಳು ರೂಮಿಂದ ಫೋನ್ ಮಾಡಿ ಕೇಳ್ತಾರೆ. ಫ್ರೆಂಚ್‌ನಲ್ಲಿ ಹೇಳೋಕೆ ನಿನ್ನಂಥವನೇ ಬೇಕಿತ್ತು. ಫೋನು, ಮೇಜು, ಕುರ್ಚಿ ಎಲ್ಲಾ ಹಾಕ್ಸಿದೀನಿ. ಈಗ್ಲೇ ಹೋಗಿ ಕೂತ್ಕೋ.”

“ಎಲ್ಲಿ ಸಾರ್?”

“ಕೆಳಗೆ, ಬಾಯ್ಲರ್ ಪಕ್ಕ. ಮೇಲೆ ಜಾಗ ಎಲ್ಲಿದೆ?”

ಮೀಸೆ ಒದ್ದೆ ಬಟ್ಟೆಯಿಂದಲೇ ಮುಖ ಒರೆಸಿಕೊಂಡ. “ಹಾಗಾದ್ರೆ... ಬಾಗಿಲಿಗೆ ಗೊರಕೆನಾ ಸಾರ್?” ಅಂದ.

“ಇನ್ನೇನ್ ಮಾಡ್ಲಪ್ಪಾ? ಒಂದಕ್ಷರ ಬರಲ್ಲ ಅವನಿಗೆ. ಅವನನ್ನ ಫೋನ್ ಹತ್ರ ಕೂರಿಸೋಕಾಗುತ್ತಾ?”

ಹೊಸ ಉತ್ಸಾಹದಲ್ಲಿದ್ದ ಗೊರಕೆ ಆಗಲೇ ನೆಲಮಾಳಿಗೆಯ ಬಾಗಿಲನ್ನು ಅಗಲವಾಗಿ ತೆರೆದು ಹಿಡಿದಿದ್ದ. ಮೀಸೆ ಹತ್ತಿರ ಬರುತ್ತಲೇ ಟಪ್ಪನೆ ಒಂದು ಸಲ್ಯೂಟ್ ಹೊಡೆದ.