ಎಪ್ಪತ್ತೆರಡು ವಾದ್ಯಗಳೂ ಒಂದು ಹಾಸಿಗೆಯೂ

"ಮಿಕ್ಸಿಂಗ್ ಮಾಡೋಕೂ ಹೊರಗಿನವರನ್ನ ಕರೀಬೇಕಾ? ನನ್ನ ವಾದ್ಯವೃಂದ, ನನ್ನ ಕಿವಿ! ನಾನೇ ಮಾಡ್ತೀನಿ, ನೋಡ್ತಿರು!"

ಕನ್ನಡಕದ ಅಂಗಡಿಯ ಯಜಮಾನರು ಒಂದು ಭಾನುವಾರ ಬೆಳಗ್ಗೆ ಹಲ್ಲುಜ್ಜುವ ಬ್ರಷ್ಷನ್ನು ಗದೆಯಂತೆ ಮೇಲೆತ್ತಿ ಹೀಗೆ ಘೋಷಿಸಿದರು. ಅವರ ಹೆಂಡತಿ ಶಾಲೆಯಲ್ಲಿ ಲೆಕ್ಕದ ಟೀಚರು. ತಿದ್ದುತ್ತಿದ್ದ ಉತ್ತರಪತ್ರಿಕೆಯಿಂದ ತಲೆಯೆತ್ತದೆ, "ಮೊದ್ಲು ಬಾಯಿ ತೊಳ್ಕೊಳ್ಳಿ" ಎಂದಳು.

ಈ ಮಹಾ ವಾದ್ಯವೃಂದ ವಾಸವಾಗಿದ್ದದ್ದು ಹಿಂದಿನ ಕೋಣೆಯ ಕಂಪ್ಯೂಟರಿನೊಳಗೆ. ಎಪ್ಪತ್ತೆರಡು ವಾದ್ಯ, ನುಡಿಸುವವನು ಒಬ್ಬನೂ ಇಲ್ಲ. ಒಂದು ಗುಂಡಿ ಒತ್ತಿದರೆ ಪಿಟೀಲು, ಇನ್ನೊಂದು ಒತ್ತಿದರೆ ತುತ್ತೂರಿ. ಯಾರಿಗೂ ಊಟ ಹಾಕಬೇಕಿಲ್ಲ, ಯಾರೂ ರಜೆ ಕೇಳುವುದಿಲ್ಲ! ಅಂಗಡಿಯಲ್ಲಿ ಗಿರಾಕಿಯ ಮೂಗಿನ ಮೇಲೆ ಗಾಜು ಬದಲಿಸುತ್ತಲೇ ಯಜಮಾನರು ಎಲ್ಲೋ ತೇಲಿಹೋಗುತ್ತಿದ್ದರು. ಗೋಡೆಯ ಮೇಲಿನ ಅಕ್ಷರಗಳು ಕರಗಿ ಮಂಜಾಗುತ್ತಿದ್ದವು. ಮಂಜಿನಾಚೆ ಒಂದು ದೊಡ್ಡ ಸಭಾಂಗಣ, ನೂರು ದೀಪ, ಮೆಲ್ಲಗೆ ಏಳುವ ಪಿಟೀಲುಗಳು. "ಸಾರ್, ನಂಗೇನೂ ಕಾಣ್ತಿಲ್ಲ" ಎಂದು ಗಿರಾಕಿ ಗೋಗರೆದರೆ, "ನಂಗೆ ಕಾಣ್ತಿದೆ!" ಎನ್ನುತ್ತಿದ್ದರು.

ಆಸೆ ಒಂದೇ ಒಂದು. 'ಮೋಡಗಳ ದಿಬ್ಬಣ' ಎಂಬ ತಮ್ಮ ಒಂಬತ್ತು ನಿಮಿಷದ ಕೃತಿಯನ್ನು ಹೆಂಡತಿ ಎಚ್ಚರವಾಗಿದ್ದು ಕೊನೆಯವರೆಗೂ ಕೇಳಬೇಕು. ಮದುವೆಯಾಗಿ ಇಪ್ಪತ್ತೊಂದು ವರ್ಷ, ಬರೆದದ್ದು ಹದಿನಾಲ್ಕು ಕೃತಿ. ಅವಳು ಒಂದನ್ನೂ ದಡ ಮುಟ್ಟಿಸಿರಲಿಲ್ಲ. ಮೂರನೇ ನಿಮಿಷಕ್ಕೆ ಸರಿಯಾಗಿ ಕಣ್ಣು ಮುಚ್ಚುತ್ತಿತ್ತು. ಪಾಪ, ಯಜಮಾನರೇನು ಸುಮ್ಮನೆ ಕೂರುತ್ತಿದ್ದರೇ? ಪಕ್ಕದಲ್ಲೇ ಕೂತು, "ಈಗ ಮೋಡ ಬರುತ್ತೆ, ಕೇಳು... ಬಂತು! ಅದರ ಹಿಂದೆ ಇನ್ನೊಂದು!" ಎಂದು ಒಂದೊಂದು ಮೋಡವನ್ನೂ ಪರಿಚಯಿಸುತ್ತಿದ್ದರು. ಆದರೂ ಅವಳಿಗೆ ನಿದ್ದೆ! ದೋಷವೆಲ್ಲ ಮಿಕ್ಸಿಂಗಿನದ್ದೇ ಎಂದು ಅವರು ತೀರ್ಮಾನಿಸಿದರು.

ಮಿಕ್ಸಿಂಗ್ ಎಂದರೆ ಯಾವ ವಾದ್ಯ ಎಷ್ಟು ಕೇಳಬೇಕೆಂದು ಹದ ಮಾಡುವ ಕೆಲಸ. ಮೊದಲು ಕೊಳಲು ಕೇಳಿಸಲಿಲ್ಲ, ಏರಿಸಿದರು. ಪಿಟೀಲು ಮುಳುಗಿತು, ಅದನ್ನೂ ಏರಿಸಿದರು. ತುತ್ತೂರಿಗೆ ಬೇಜಾರಾದೀತೆಂದು ಅದಕ್ಕೂ ಬಡ್ತಿ ಕೊಟ್ಟರು. ಸಂಜೆಯ ಹೊತ್ತಿಗೆ ಎಪ್ಪತ್ತೆರಡೂ ತುತ್ತತುದಿಗೇರಿ, ಅಟ್ಟದ ಮೇಲಿನ ಪಾತ್ರೆಗಳು ಕೂಡ ವಾದ್ಯವೃಂದ ಸೇರಿಕೊಂಡವು. ಮೋಡಗಳ ದಿಬ್ಬಣದಲ್ಲಿ ನೂಕುನುಗ್ಗಲು!

"ಕೋಣೆ ಸರಿಯಿಲ್ಲ, ಸದ್ದು ಗೋಡೆಗೆ ಬಡಿದು ವಾಪಸ್ ಬರ್ತಿದೆ" ಎಂದ ಯಜಮಾನರು ಮನೆಯ ಕಂಬಳಿ, ದುಪ್ಪಟಿ, ಪರದೆಗಳನ್ನೆಲ್ಲ ಒಟ್ಟು ಮಾಡಿ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರು. ಕೊನೆಗೆ ಮಂಚದ ಹಾಸಿಗೆಯನ್ನೂ ಎಳೆತಂದು ನಿಲ್ಲಿಸಿದರು. ಮುಂದಿನ ಭಾನುವಾರ ಮಧ್ಯಾಹ್ನ ಹೆಂಡತಿಯನ್ನು ಕರೆದು, ಕೂರಲು ಜಾಗವಿಲ್ಲದ್ದರಿಂದ ನಿಲ್ಲಿಸಿ, ಗುಂಡಿ ಒತ್ತಿದರು.

"ಬಂತು ಮೋಡ! ಹೇಗಿದೆ? ಕೇಳ್ತಾ ಇದೀಯಾ?"

ತಿರುಗಿ ನೋಡಿದರೆ, ಅವಳು ಗೋಡೆಯ ಹಾಸಿಗೆಗೆ ಒರಗಿ ನಿಂತಲ್ಲೇ ನಿದ್ದೆ ಹೋಗಿದ್ದಳು!

ಎದ್ದ ಮೇಲೆ ಅವಳು ಹೇಳಿದ್ದು ಒಂದೇ ಮಾತು. "ಯಾರಾದ್ರೂ ತಮ್ಮ ಕಣ್ಣು ತಾವೇ ಪರೀಕ್ಷೆ ಮಾಡ್ಕೊಂಡು, ತಾವೇ ಗಾಜು ಉಜ್ಜಿ ಹಾಕ್ಕೊಂಡು ಬಂದ್ರೆ ನೀವು ಏನಂತೀರಿ?"

"ಕತ್ತೆ ಅಂತೀನಿ" ಎಂದರು ಯಜಮಾನರು ಹಿಂದುಮುಂದು ನೋಡದೆ. ಆಮೇಲೆ ನೋಡಿದರು.

ಮರುದಿನ ಅಂಗಡಿಗೆ ಬೀಗ ಹಾಕಿ ಒಬ್ಬ ಮಿಕ್ಸಿಂಗ್ ತಜ್ಞೆಯ ಬಾಗಿಲು ತಟ್ಟಿದರು. ಹೊಲಿಗೆ ಅಂಗಡಿಯ ಮೇಲಿನ ಪುಟ್ಟ ಕೋಣೆ. ಒಳಗೆ ಹೋದೊಡನೆ ಬೀದಿಯ ಗದ್ದಲ ಯಾರೋ ಕತ್ತರಿಸಿದಂತೆ ನಿಂತುಹೋಯಿತು. ತಜ್ಞೆ ಕಣ್ಣು ಮುಚ್ಚಿ ಕೃತಿಯನ್ನು ಕೊನೆಯವರೆಗೂ ಕೇಳಿದರು.

"ಎಷ್ಟು ದಿನದಿಂದ ಹೀಗಿದೆ?"

"ಎರಡು ವರ್ಷದ ತಪಸ್ಸು, ಮೇಡಂ!"

"ನಿಮ್ಮ ಪಿಟೀಲಿನವರು ದೊಡ್ಡ ಸಭಾಂಗಣದಲ್ಲಿದಾರೆ. ಡೋಲಿನವರು ಯಾವ್ದೋ ಗುಹೇಲಿ. ಕೊಳಲಿನವರು ಬಚ್ಚಲುಮನೇಲಿ. ಒಂದೊಂದು ವಾದ್ಯದ ಜೊತೆ ಒಂದೊಂದು ಪ್ರತಿಧ್ವನಿ ಅಂಟ್ಕೊಂಡು ಬಂದಿದೆ. ಮೊದ್ಲು ಎಲ್ರನ್ನೂ ಒಂದೇ ಸಭಾಂಗಣಕ್ಕೆ ಕರೆಸೋಣ. ಆಮೇಲೆ... ಈ ತುತ್ತೂರಿಯವರು ತೀರ್ಕೊಂಡು ಎಷ್ಟು ಹೊತ್ತಾಯ್ತು?"

"ತೀರ್ಕೊಂಡ್ರಾ!"

"ಎರಡನೇ ನಿಮಿಷದಿಂದ ಉಸಿರೇ ತಗೊಂಡಿಲ್ಲ. ಊದ್ತಾನೇ ಇದಾರೆ."

ಕಂಪ್ಯೂಟರಿಗೆ ಉಸಿರು ಬೇಡ ನಿಜ. ಆದರೆ ಕೇಳುವ ಮನುಷ್ಯನಿಗೆ ಬೇಕು. ಇದು ಯಜಮಾನರಿಗೆ ಹೊಳೆದೇ ಇರಲಿಲ್ಲ. ತಜ್ಞೆ ಎಲ್ಲವನ್ನೂ ಕೆಳಗಿಳಿಸಿ, ಕೊಳಲು ಹಾಡುವಾಗ ಉಳಿದವರನ್ನು ತಗ್ಗಿಸಿ, ಐದನೇ ನಿಮಿಷದಲ್ಲಿ ಇಡೀ ವೃಂದಕ್ಕೇ ನಾಲ್ಕು ಸೆಕೆಂಡು ಬಿಡುವು ಕೊಟ್ಟರು.

"ಅಯ್ಯೋ! ಅಲ್ಲಿ ಹದಿನಾರು ವಾದ್ಯ ಇತ್ತು ಮೇಡಂ!"

"ಇತ್ತು. ಒಂದ್ಸಲ ಕೇಳಿ. ಬೇಡಾಂದ್ರೆ ವಾಪಸ್ ಹಾಕ್ತೀನಿ."

ಕೇಳಿದರು. ಮಂಜು ಸರಿಯಿತು. ಅಂಗಡಿಯಲ್ಲಿ ಹಗಲುಗನಸು ಕಂಡ ಸಭಾಂಗಣವೇ ಎದುರಿಗೆ ಬಂದು ನಿಂತಿತು. ಮೋಡಗಳು ಒಂದರ ಹಿಂದೊಂದು, ಯಾರ ಅವಸರವೂ ಇಲ್ಲದೆ ಸಾಗಿದವು. ಯಜಮಾನರಿಗೆ ಹದಿನಾರು ವಾದ್ಯಗಳಿಗಾಗಿ ಹೊಟ್ಟೆ ಉರಿದರೂ, ವಾಪಸ್ ಹಾಕಿ ಎನ್ನಲು ಬಾಯಿ ಬರಲಿಲ್ಲ.

"ಒಂದು ಷರತ್ತು" ಎಂದರು ತಜ್ಞೆ. "ಮನೆಯವರು ಕೇಳುವಾಗ ನೀವು ಕೋಣೇಲಿ ಇರಬಾರದು."

ಭಾನುವಾರ ಮಧ್ಯಾಹ್ನ ಹೆಂಡತಿ ಒಳಗೆ, ಯಜಮಾನರು ಹೊರಗೆ. ಬಾಗಿಲಿಗೆ ಕಿವಿ ಹಚ್ಚಿ ಗಡಿಯಾರ ನೋಡುತ್ತಾ ನಿಂತರು. ಮೂರನೇ ನಿಮಿಷ! ಗೊರಕೆ ಬರಬೇಕು... ಬರಲಿಲ್ಲ. ಆರು, ಏಳು, ಒಂಬತ್ತು. ಹೆರಿಗೆ ಕೋಣೆಯ ಹೊರಗೆ ನಿಂತ ಗಂಡನಿಗೂ ಅಷ್ಟು ಬೆವರು ಬಂದಿರಲಾರದು.

ಬಾಗಿಲು ತೆರೆಯಿತು. ಅವಳ ಕಣ್ಣು ಒದ್ದೆಯಾಗಿತ್ತು.

"ಪೂರ್ತಿ ಕೇಳ್ದೆ ಕಣ್ರೀ."

ಇಪ್ಪತ್ತೊಂದು ವರ್ಷ ಕಾದ ಮಾತು! ಯಜಮಾನರಿಗೆ ನೆಲ ಕಾಲಿಗೆ ಸಿಗದಂತಾಯಿತು. "ಎಲ್ಲಿ ಚೆನ್ನಾಗಿತ್ತು? ಪಿಟೀಲು ಮೇಲೇರುತ್ತಲ್ಲ, ಅಲ್ಲಾ? ತುತ್ತೂರಿ? ಆ ಡೋಲು ಬರೋಕೆ ನಾನು ಆರು ತಿಂಗಳು..."

"ಮಧ್ಯದಲ್ಲಿ ಒಂದ್ಕಡೆ ಎಲ್ಲಾ ನಿಂತ್ಬಿಡುತ್ತೆ ನೋಡಿ, ನಾಲ್ಕೇ ಸೆಕೆಂಡು. ಅಲ್ಲಿ ಅಳು ತಡೀಲಿಕ್ಕಾಗ್ಲಿಲ್ಲ."

ಯಜಮಾನರ ನಾಲಿಗೆಯ ತುದಿಗೆ ಸತ್ಯ ಬಂದು ನಿಂತಿತು. ಅದನ್ನು ಹಿಂದಕ್ಕೆ ತಳ್ಳಿ, ಎದೆಯುಬ್ಬಿಸಿ ಹೇಳಿಯೇಬಿಟ್ಟರು: "ಅದಾ? ಅದನ್ನ ನಾನೇ ಬರೆದದ್ದು!"

ಹೆಂಡತಿ ಕಣ್ಣೊರೆಸಿಕೊಂಡು, ಲೆಕ್ಕ ತಪ್ಪಿದ ಹುಡುಗನನ್ನು ನೋಡುವಂತೆ ಅವರನ್ನು ನೋಡಿದಳು.

"ಸುಳ್ಳು ಹೇಳ್ಬೇಡಿ. ಮದುವೆ ಆದಾಗಿನಿಂದ ನೋಡ್ತಿದೀನಿ, ನಾಲ್ಕು ಸೆಕೆಂಡು ಸುಮ್ಮನಿರೋದು ನಿಮ್ಮ ಕೈಲಿ ಆಗೋ ಕೆಲ್ಸಾನೇ ಅಲ್ಲ!"