ಒಲೆಗೆ ಬಿದ್ದ ಲೋಕಲ್ ಮಾಲು

ಎಲ್ಲಕ್ಕೂ ಮೂಲ ಒಂದು ಕುರ್ಚಿ.

ಓಣಿಯವರೆಲ್ಲ ಶೋಕಿ ಎಂದೇ ಕರೆಯುತ್ತಿದ್ದವನು ತನ್ನ ಮಹಡಿಯ ಕೋಣೆಯನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡಲು ಹೊರಟಾಗ, ಎದುರುಮನೆಯ ಚಿಕ್ಕಮ್ಮ ತಾನು ಹೆಣೆದ ಬೆತ್ತದ ಕುರ್ಚಿ ಕೊಡಲು ಬಂದಿದ್ದಳು.

"ಲೋಕಲ್ ಮಾಲು ಬೇಡ ಚಿಕ್ಕಮ್ಮ. ಬರೋರು ದೊಡ್ಡ ಜನ," ಎಂದು ಓಣಿಗೆಲ್ಲ ಕೇಳುವಂತೆ ಅಂದು, ಪೇಟೆಯ ದೊಡ್ಡ ಅಂಗಡಿಯಿಂದ ಮಿರಿಮಿರಿ ಮಿಂಚುವ ಬೆತ್ತದ ಕುರ್ಚಿಯನ್ನು ಹೊಸ ಮದುವಣಗಿತ್ತಿಯಂತೆ ಕರೆತಂದಿದ್ದ.

ಇವತ್ತು ಬೆಳಿಗ್ಗೆ ಪ್ರವಾಸ ಸಂಸ್ಥೆಯ ಮೇಡಂ ಫೋನು ಮಾಡಿದರು. "ಈಗ ಬರ್ತಿದೀನಿ. ಊರಿನವರ ಕೈಕೆಲಸ ಇರೋ ಮನೆಗೇ ನಾವು ಜನ ಕಳಿಸೋದು. ನಿಮ್ಮಲ್ಲಿ ಎಲ್ಲಾ ಲೋಕಲ್ ತಾನೆ?"

"ಪೂರಾ ಲೋಕಲ್ಲು ಮೇಡಂ," ಎಂದ ಶೋಕಿ. ಅವರು ಒಪ್ಪಿದರೆ ವರ್ಷವಿಡೀ ಜನ. ಇಲ್ಲವಾದರೆ ಕೋಣೆಗೆ ಬೀಗ.

ಮುಖ ಒರೆಸಿಕೊಂಡು ಚಿಕ್ಕಮ್ಮನ ಬಾಗಿಲಿಗೆ ಓಡಿದ. ಅವಳು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಬೆತ್ತ ಸೀಳುತ್ತಿದ್ದಳು.

"ಒಂದೂ ಉಳಿದಿಲ್ಲವಲ್ಲೋ. ಓಣಿಗೆ ಬೇಡವಾದ್ದು ಪೇಟೆಗೆ ಬೇಕಂತೆ."

ಶೋಕಿ ಬರಿಗೈಯಲ್ಲಿ ವಾಪಸಾದ. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಕಾರಿನ ಹಾರನ್ ಕೇಳಿತು.

"ಪೇಟೆ ಕುರ್ಚಿ ಕಂಡ್ರೆ ಮಾನ ಹೋಗುತ್ತೆ," ಎಂದು ಹೆಂಡತಿ ಅವನ ಕೈಗೆ ಕೊಡಲಿ ಕೊಟ್ಟಳು. ಕುರ್ಚಿ ತುಂಡು ತುಂಡಾಗಿ ಬಚ್ಚಲ ಒಲೆ ಸೇರಿತು. ಬಣ್ಣ ಹಚ್ಚಿದ ಬೆತ್ತ ಅತ್ತೆ ಸೊಸೆಯರಂತೆ ಚಟಪಟ ಅಂದಿತು.

ಮೇಡಂ ಬಚ್ಚಲಲ್ಲಿ ಧೂಳು ತೊಳೆದುಕೊಂಡು ಬಂದು, "ನೀರು ಹಿತವಾಗಿ ಕಾದಿತ್ತು," ಎಂದು ಕೋಣೆಯೆಲ್ಲ ನೋಡಿದರು. "ಕೂರೋಕೆ ಏನೂ ಇಲ್ವಾ?"

"ನೆಲ ಇದೆಯಲ್ಲ ಮೇಡಂ. ಇದಕ್ಕಿಂತ ಲೋಕಲ್ ಯಾವುದಿದೆ?"

ಮೇಡಂ ನಗಲಿಲ್ಲ. "ಪೇಟೆ ಅಂಗಡೀಲಿ ಬೆತ್ತದ ಕುರ್ಚಿ ನೋಡಿದೆ. ಹೆಣೆಯೋರು ಈ ಓಣೀಲೇ ಇದಾರೆ ಅಂದ್ರು. ಅದಕ್ಕೇ ಇಲ್ಲಿಗೆ ಬಂದೆ."

ಶೋಕಿ ಬಚ್ಚಲ ಕಡೆ ತಿರುಗಿ ನೋಡಿದ.

ಹೊಗೆ ನೋಡಿ ಗಾಬರಿಯಾಗಿ ಬಂದ ಚಿಕ್ಕಮ್ಮ, ಬಚ್ಚಲ ಒಲೆಯಿಂದ ಎಳೆದ ಅರೆಸುಟ್ಟ ಕುರ್ಚಿಕಾಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಈ ಜಡೆಗಂಟು ನಂದೇ ಕಣೋ. ಅಷ್ಟು ದೂರದಿಂದ ನನ್ನ ಕುರ್ಚೀನೇ ತಂದಿದ್ಯಾ?" ಅವಳ ದನಿ ಸಣ್ಣದಾಯಿತು. "ತಂದು, ಒಲೆಗೆ ಹಾಕ್ದೆಯಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವಳು ಮಸಿಯನ್ನು ಸೆರಗಿನಿಂದ ಒರೆಸುತ್ತಿದ್ದಳು.

"ನಿಮ್ಮನೇಲಿ ಒಂದು ಕೋಣೆ ಸಿಗುತ್ತಾ ಅಮ್ಮ?" ಎಂದು ಮೇಡಂ ಕೇಳಿದರು.

ಓಣಿಯೆಲ್ಲ ನೋಡುತ್ತಿರಲು ಶೋಕಿ ಅವರ ಪೆಟ್ಟಿಗೆ ಹೊತ್ತು ಎದುರುಮನೆಗೆ ದಾಟಿಸಿದ. ತಲೆ ಎತ್ತಲಿಲ್ಲ.

ಚಿಕ್ಕಮ್ಮ ಪ್ಲಾಸ್ಟಿಕ್ ಸ್ಟೂಲನ್ನು ಅವನ ಮುಂದೆ ಸರಿಸಿದಳು.

"ಕೂತ್ಕೊ ಮಗನೇ. ಹೆದರಬೇಡ, ಇದು ಲೋಕಲ್ ಅಲ್ಲ."